ಏಳನೆಯ ಪ್ರಶ್ನೆ

ನಮ್ಮ ಸಭೆಯ ಪಾಸ್ಟರ್ ನಿವೃತ್ತರಾಗುತ್ತಿದ್ದಾರೆ. ಮೈಸೂರಿನ ಅಂಚಿನ ಬಡಾವಣೆಯೊಂದರಲ್ಲಿರುವ ಸಣ್ಣ ಬ್ಯಾಪ್ಟಿಸ್ಟ್ ಸಭೆ ನಮ್ಮದು, ಅಂದರೆ ಶಿಶುಗಳಿಗಲ್ಲದೆ ನಂಬಿದ ದೊಡ್ಡವರಿಗೆ ಮಾತ್ರ ದೀಕ್ಷಾಸ್ನಾನ ಕೊಡುವ ಸಭೆ. ಹೊಸಬರನ್ನು ಕರೆಯುವ ಮೊದಲು ಅವರಿಗೆ ಕೇಳಬೇಕಾದ ಪ್ರಶ್ನೆಗಳ ಪಟ್ಟಿಯೊಂದನ್ನು ಸಮಿತಿಯ ಕಿರಿಯರು ಸಿದ್ಧಪಡಿಸಿ ಕಳೆದ ವಾರ ನನ್ನ ಕೈಗೂ ಕೊಟ್ಟರು. ಏಳನೆಯ ಪ್ರಶ್ನೆ ಹೀಗಿತ್ತು: “ಕಾಲ್ವಿನ್ ವಾದದ ಐದು ಅಂಶಗಳಲ್ಲಿ ತಾವು ಎಷ್ಟನ್ನು ಒಪ್ಪುತ್ತೀರಿ?” ಪಕ್ಕದಲ್ಲಿ ಸಂಖ್ಯೆ ಬರೆಯಲು ಒಂದು ಪುಟ್ಟ ಚೌಕ. ಅದನ್ನು ನೋಡಿ ಮೊದಲು ನಗು ಬಂತು, ಆಮೇಲೆ ಬೇಸರವಾಯಿತು. ಬೇಸರದ ಕಾರಣವನ್ನು ಸಮಿತಿಯ ಮುಂದೆ ಐದು ನಿಮಿಷದಲ್ಲಿ ಹೇಳಿ ಮುಗಿಸಲು ನನ್ನಿಂದಾಗದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ವಿಷಯದ ಪರಿಚಯವಿಲ್ಲದ ಗೆಳೆಯರಿಗಾಗಿ ಒಂದೆರಡು ಮಾತು. ಮನುಷ್ಯನಿಗೆ ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ದೊರೆಯುವುದು ದೇವರ ಕೃಪೆಯಿಂದಲೇ ಎಂಬುದರಲ್ಲಿ ಬ್ಯಾಪ್ಟಿಸ್ಟ್ ಬೋಧಕರ ನಡುವೆ ಜಗಳವಿಲ್ಲ. ಆ ಕೃಪೆ ಒಬ್ಬನಲ್ಲಿ ಫಲಿಸಿ ಇನ್ನೊಬ್ಬನಲ್ಲಿ ಫಲಿಸದಿರುವುದು ಏಕೆ ಎಂಬಲ್ಲಿ ದಾರಿ ಕವಲೊಡೆಯುತ್ತದೆ. ಮನುಷ್ಯ ಪಾಪದಲ್ಲಿ ಪೂರ್ತಿ ಕೆಟ್ಟವನು, ಲೋಕದ ಸೃಷ್ಟಿಗೆ ಮುಂಚೆಯೇ ದೇವರು ತನ್ನವರನ್ನು ಆರಿಸಿಕೊಂಡಿದ್ದಾನೆ, ಕ್ರಿಸ್ತನು ಪ್ರಾಣ ಕೊಟ್ಟದ್ದು ಅವರಿಗಾಗಿ, ಅವರ ಹೃದಯವನ್ನು ತೆರೆಯುವವನೂ ಆತನೇ, ಅವರನ್ನು ಕೊನೆಯವರೆಗೂ ಆತನು ಕೈಬಿಡುವುದಿಲ್ಲ ಎಂಬ ಈ ಐದು ಅಂಶಗಳು, ಹದಿನಾರನೆಯ ಶತಮಾನದ ಧರ್ಮಸುಧಾರಕ ಕಾಲ್ವಿನ್‌ನ ಹೆಸರು ಹೊತ್ತ ಕಾಲ್ವಿನ್ ವಾದಿಗಳ ನಿಲುವು. ಕ್ರಿಸ್ತನು ಸತ್ತದ್ದು ಎಲ್ಲರಿಗಾಗಿ, ಕರೆಯೂ ಎಲ್ಲರಿಗಾಗಿ, ಒಪ್ಪುವುದೋ ತಳ್ಳಿಬಿಡುವುದೋ ಕೇಳಿದವನಿಗೆ ಬಿಟ್ಟದ್ದು ಎಂಬುದು ಇನ್ನೊಂದು ನಿಲುವು. ಮೊದಲಿನವರು ರೋಮಾಪುರದವರಿಗೆ ಬರೆದ ಪತ್ರಿಕೆಯ 9ನೆಯ ಅಧ್ಯಾಯವನ್ನು ತೆರೆದರೆ ಎರಡನೆಯವರು ಯೋಹಾನನ ಸುವಾರ್ತೆಯ 3ನೆಯ ಅಧ್ಯಾಯವನ್ನು ತೆರೆಯುತ್ತಾರೆ. ಅಂದಹಾಗೆ, ಆ ಐದು ಅಂಶಗಳ ಪಟ್ಟಿಯನ್ನು ಮಾಡಿದವನು ಕಾಲ್ವಿನ್ ಅಲ್ಲ. ಆತ 1564ರಲ್ಲೇ ತೀರಿಕೊಂಡಿದ್ದ. ಹಾಲೆಂಡಿನಲ್ಲಿ ಎರಡನೆಯ ನಿಲುವಿನ ಬೋಧಕ ಆರ್ಮಿನಿಯಸ್‌ನ ಅನುಯಾಯಿಗಳು 1610ರಲ್ಲಿ ಮುಂದಿಟ್ಟ ಐದು ಸೂತ್ರಗಳಿಗೆ 1618–19ರಲ್ಲಿ ಡಾರ್ಟ್ ಪಟ್ಟಣದಲ್ಲಿ ಸೇರಿದ ಸಭೆ ಕೊಟ್ಟ ಉತ್ತರವದು. ಶಿಶುಗಳ ದೀಕ್ಷಾಸ್ನಾನವನ್ನು ಗಟ್ಟಿಯಾಗಿ ಸಮರ್ಥಿಸಿದ ಕಾಲ್ವಿನ್, ನಮ್ಮ ಪ್ರಾರ್ಥನಾ ಮಂದಿರದ ಹಿಂದೆ ದೊಡ್ಡವರನ್ನು ಮುಳುಗಿಸುವ ಸಿಮೆಂಟ್ ತೊಟ್ಟಿಯನ್ನು ನೋಡಿದ್ದರೆ, ಐದೂ ಅಂಶಗಳನ್ನು ಒಪ್ಪಿದವರನ್ನೂ ತನ್ನವರೆಂದು ಹೇಳಿಕೊಳ್ಳುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಮದ್ದೂರಿನ ಸಮೀಪದ ಹಳ್ಳಿಯೊಂದರ ಪ್ರಾರ್ಥನಾ ಕೂಟದಲ್ಲಿ ಇಬ್ಬರು ಬ್ಯಾಪ್ಟಿಸ್ಟ್ ಪಾಸ್ಟರುಗಳು ಒಂದೇ ದಿನ ಪ್ರಸಂಗ ಮಾಡಿದರು. ಹಿರಿಯರು ಮಂಡ್ಯದ ಕಡೆಯವರು. ನಾಲೆಗೆ ನೀರು ಬಿಟ್ಟಾಗಿದೆ, ಕಟ್ಟೆಯನ್ನು ಕಟ್ಟಿದವನು ನೀನಲ್ಲ, ನೀರು ನಿನ್ನದಲ್ಲ, ಆದರೆ ಗುದ್ದಲಿ ಹಿಡಿದು ಬದುವನ್ನು ಕಡಿದು ನಿನ್ನ ಗದ್ದೆಗೆ ತಿರುಗಿಸಿಕೊಳ್ಳದಿದ್ದರೆ ಪೈರು ಒಣಗಿದ್ದಕ್ಕೆ ನಾಲೆಯನ್ನು ಬೈಯಬೇಡ ಎಂದರು. ಜನ ತಲೆದೂಗಿದರು. ಮಧ್ಯಾಹ್ನ ಮೈಸೂರಿನ ಕಿರಿಯ ಪಾಸ್ಟರ್ ಎದ್ದು ನಿಂತು, ಅಯ್ಯನವರ ಉಪಮಾನ ಚೆನ್ನಾಗಿದೆ, ಆದರೆ ನಾವು ಪಾಪಗಳಲ್ಲಿ ಸತ್ತವರಾಗಿದ್ದೆವು ಎಂದು ಎಫೆಸದವರಿಗೆ ಬರೆದ ಪತ್ರಿಕೆ ಹೇಳುತ್ತದೆ, ಬದುವಿನ ಮೇಲೆ ಹೆಣವಾಗಿ ಬಿದ್ದವನು ಗುದ್ದಲಿ ಎತ್ತುವುದು ಹೇಗೆ ಎಂದು ಕೇಳಿದರು. ಅದಕ್ಕೂ ಜನ ತಲೆದೂಗಿದರು. ಊಟಕ್ಕೆ ಕುಳಿತಾಗ ಪಕ್ಕದಲ್ಲಿದ್ದ ರೈತರೊಬ್ಬರು ಮುದ್ದೆ ಮುರಿಯುತ್ತಾ ಮೆಲ್ಲನೆ ಹೇಳಿದ ಮಾತು ಎರಡೂ ಪ್ರಸಂಗಗಳಿಗಿಂತ ಹೆಚ್ಚು ಕಾಲ ನನ್ನಲ್ಲಿ ಉಳಿದಿದೆ: “ನೀರು ಎಲ್ಲಾರ್ಗೂ ಅಂತ್ಲೇ ಬುಡ್ತಾರೆ ಸಾ. ನಮ್ಮ ಕೊನೇ ಭಾಗಕ್ಕೆ ಬತ್ತದಾ ಅನ್ನೋದೇ ನಮ್ ಪ್ರಶ್ನೆ.” ಆ ಕಡೆಗೆ ನೀರು ಹರಿಸುವ ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದವರ ಪಾಡನ್ನು ಬಲ್ಲವರಿಗೆ, ಕ್ರಿಸ್ತನ ಪ್ರಾಯಶ್ಚಿತ್ತ, ಅಂದರೆ ಪಾಪಿಗಳಿಗಾಗಿ ಆತನು ಪ್ರಾಣ ಕೊಟ್ಟದ್ದು, ಎಲ್ಲರಿಗಾಗಿಯೋ ಕೆಲವರಿಗಾಗಿಯೋ ಎಂಬ ನಾನೂರು ವರ್ಷಗಳ ತರ್ಕವೆಲ್ಲ ಆ ಒಂದು ಮಾತಿನಲ್ಲಿದೆ.

ಆ ಇಬ್ಬರಲ್ಲಿ ನಿಜವಾದ ಬ್ಯಾಪ್ಟಿಸ್ಟ್ ಯಾರು ಎಂದು ನಮ್ಮ ಹುಡುಗರು ಕೇಳುತ್ತಾರೆ. ಇಬ್ಬರೂ ಹೌದು. ಜಾನ್ ಸ್ಮಿತ್ 1609ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಆರಂಭಿಸಿದ ಸಭೆಯಿಂದ ಹೊರಟು ಥಾಮಸ್ ಹೆಲ್ವಿಸ್ ಲಂಡನ್ನಿಗೆ ಮರಳಿ ಕಟ್ಟಿದ ಸಭೆ, ಕ್ರಿಸ್ತನು ಎಲ್ಲರಿಗಾಗಿ ಸತ್ತನೆಂದು ನಂಬಿದ್ದರಿಂದಲೇ ‘ಜನರಲ್ ಬ್ಯಾಪ್ಟಿಸ್ಟ್’ ಎನಿಸಿಕೊಂಡಿತು. 1630ರ ದಶಕದಲ್ಲಿ ಅದೇ ಲಂಡನ್ನಿನಲ್ಲಿ ಹುಟ್ಟಿದ ‘ಪರ್ಟಿಕ್ಯುಲರ್ ಬ್ಯಾಪ್ಟಿಸ್ಟ’ರು ಕಾಲ್ವಿನ್ ವಾದಿಗಳು; 1644ರ ಮತ್ತು 1689ರ ವಿಶ್ವಾಸ ಪ್ರಮಾಣಗಳು ಅವರವು. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟರಲ್ಲಿ 2012ರ ಹೊತ್ತಿಗೆ ಈ ಜಗಳ ಎಷ್ಟು ಬಿಸಿಯಾಯಿತೆಂದರೆ ಎರಡೂ ಪಕ್ಷದವರನ್ನು ಕೂರಿಸಿದ ಸಮಿತಿಯೊಂದು ಮರುವರ್ಷ ಹೇಳಿಕೆ ಕೊಡಬೇಕಾಯಿತು. ಅವರ ವಿಶ್ವಾಸ ಪ್ರಮಾಣವಾದರೋ ದೇವರ ಆಯ್ಕೆಯನ್ನು ಒಪ್ಪಿ, ಅದು ಮನುಷ್ಯನ ಸ್ವಾತಂತ್ರ್ಯಕ್ಕೆ ವಿರೋಧವಲ್ಲ ಎಂದಷ್ಟೇ ಹೇಳಿ ನಿಲ್ಲಿಸುತ್ತದೆ. ಅಲ್ಲಿನ ಬಹುಪಾಲು ಕಾಲ್ವಿನ್ ವಿರೋಧಿಗಳು ಕೂಡ, ಒಮ್ಮೆ ರಕ್ಷಣೆ ಹೊಂದಿದವನು ಅದನ್ನು ಕಳೆದುಕೊಳ್ಳುವುದಿಲ್ಲ ಎಂಬ ಐದನೆಯ ಅಂಶವನ್ನು ಬಿಟ್ಟುಕೊಡುವವರಲ್ಲ. ಹಾಗಾಗಿ ಚೌಕದಲ್ಲಿ ಅವರು ‘1’ ಎಂದು ಬರೆಯಬೇಕು. ಆ ಒಂದರಿಂದ ನಮಗೆ ತಿಳಿಯುವುದಾದರೂ ಏನು?

ಕಾಲ್ವಿನ್ ವಾದ ಸುವಾರ್ತೆಯ ಬಾಯಿ ಕಟ್ಟಿಸುತ್ತದೆ ಎಂಬ ಆರೋಪವನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಕಟ್ಟಿಸಿದ್ದುಂಟು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ, ನಂಬಲಾಗದವರಿಗೆ ನಂಬಿರಿ ಎಂದು ಕರೆ ಕೊಡುವುದೇ ತಪ್ಪು ಎನ್ನುವ ಮಟ್ಟಕ್ಕೆ ಕೆಲವರು ಹೋಗಿದ್ದರು. ಅದನ್ನು ಒಳಗಿನಿಂದಲೇ ಮುರಿದವನು ಬ್ಯಾಪ್ಟಿಸ್ಟ್ ಪಾಸ್ಟರ್ ಆಂಡ್ರೂ ಫುಲ್ಲರ್, ಸ್ವತಃ ಕಾಲ್ವಿನ್ ವಾದಿ. ಸುವಾರ್ತೆಯನ್ನು ನಂಬುವುದು ಕೇಳಿದ ಪ್ರತಿಯೊಬ್ಬನ ಕರ್ತವ್ಯ, ಆದ್ದರಿಂದ ಎಲ್ಲರನ್ನೂ ಕರೆಯುವುದು ಬೋಧಕನ ಕರ್ತವ್ಯ ಎಂದು ಆತ 1785ರಲ್ಲಿ ವಾದಿಸಿದ. 1792ರಲ್ಲಿ ಅವನೂ ಅವನ ಗೆಳೆಯರೂ ಸೇರಿ ಮಿಷನ್ ಸಂಘ ಕಟ್ಟಿದರು, ಮರುವರ್ಷ ಅದರ ಮಿಷನರಿಯಾಗಿ ವಿಲಿಯಂ ಕೇರಿ ಬಂಗಾಳಕ್ಕೆ ಬಂದಿಳಿದ. ಅನ್ಯರನ್ನು ತಿರುಗಿಸಬೇಕೆಂದಿದ್ದರೆ ದೇವರು ನಿನ್ನ ಸಹಾಯವಿಲ್ಲದೆಯೇ ತಿರುಗಿಸುತ್ತಾನೆ, ಕೂತುಕೋ ಎಂದು ಹಿರಿಯ ರೈಲ್ಯಾಂಡ್ ಎಂಬ ಬ್ಯಾಪ್ಟಿಸ್ಟ್ ಪಾಸ್ಟರ್ ಕೇರಿಯನ್ನು ಗದರಿಸಿದನೆಂಬ ಕಥೆ ಎಲ್ಲರ ಬಾಯಲ್ಲಿದೆ. ಅವನ ಮಗ ಅದನ್ನು ಅಲ್ಲಗಳೆದಿದ್ದಾನೆ, ಆದರೂ ಪ್ರಸಂಗಗಳಲ್ಲಿ ಕಥೆ ಸಾಯುವುದಿಲ್ಲ. 1817ರಲ್ಲಿ ಕನ್ನಡಕ್ಕೊಂದು ವ್ಯಾಕರಣವನ್ನು ಪ್ರಕಟಿಸಿದ ಕೇರಿಯೂ ಫುಲ್ಲರನ ದಾರಿಯ ಕಾಲ್ವಿನ್ ವಾದಿಯೇ ಎಂಬುದನ್ನು ನಮ್ಮ ಮಂಡ್ಯದ ಹಿರಿಯರು ಮರೆಯಬಾರದು.

ಮೈಸೂರಿನವರಿಗೆ ಇನ್ನೊಂದು ತೊಡಕಿದೆ. ಇಲ್ಲಿನ ಪ್ರಾಟೆಸ್ಟೆಂಟ್ ಮನೆತನಗಳಲ್ಲಿ ಬಹಳಷ್ಟು, ನಮ್ಮ ಮನೆಯೂ ಸೇರಿ, ವೆಸ್ಲಿಯನ್ ಮಿಷನ್ನಿನಿಂದ ಬಂದವು. 1947ರಲ್ಲಿ ಆ ಸಭೆಗಳು ದಕ್ಷಿಣ ಭಾರತ ಸಭೆಯೊಳಗೆ ಸೇರಿದವು. ಯಾರಿಗೆ ರಕ್ಷಣೆ ಎಂದು ದೇವರು ಮೊದಲೇ ನಿರ್ಣಯಿಸಿದ್ದಾನೆಂಬ ಪೂರ್ವನಿರ್ಣಯದ ಬೋಧೆಯನ್ನು 1739ರಲ್ಲಿ ಪ್ರಸಂಗ ಮಾಡಿ ಖಂಡಿಸಿದವನು ಆ ಮಿಷನ್ನಿಗೆ ಹೆಸರು ಕೊಟ್ಟ ಜಾನ್ ವೆಸ್ಲಿ. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿ ‘ಹಿಂಜಾರಿದವನು’, ಅಂದರೆ ನಂಬಿ ಆಮೇಲೆ ಜಾರಿಹೋದವನು, ಎಂಬ ಮಾತು ಎಷ್ಟು ಬಳಕೆಯಲ್ಲಿತ್ತೆಂದರೆ, ರಕ್ಷಣೆ ಕಳೆದುಹೋಗಲಾರದೆಂದು ಬ್ಯಾಪ್ಟಿಸ್ಟ್ ಸಭೆಯಲ್ಲಿ ಮೊದಲ ಸಲ ಕೇಳಿದಾಗ ನನಗೆ ಅದು ಸೋಮಾರಿಗಳ ಸಿದ್ಧಾಂತವೆನಿಸಿತ್ತು. ಈಗ ಹಾಗನಿಸುವುದಿಲ್ಲ. ವೆಸ್ಲಿ ಮತ್ತು ಅವನ ಕಾಲದ ಕಾಲ್ವಿನ್ ವಾದಿ ಬೋಧಕ ವೈಟ್‌ಫೀಲ್ಡ್ ಈ ವಿಷಯಕ್ಕೇ ಮುನಿಸಿಕೊಂಡವರು. ಆದರೂ 1770ರಲ್ಲಿ ವೈಟ್‌ಫೀಲ್ಡ್ ತೀರಿಕೊಂಡಾಗ ಲಂಡನ್ನಿನಲ್ಲಿ ಅವನ ಸ್ಮರಣೆಯ ಪ್ರಸಂಗ ಮಾಡಿದವನು ವೆಸ್ಲಿಯೇ.

ನಮ್ಮ ಪಕ್ಕದ ಮನೆಯ ಐಯ್ಯಂಗಾರ್ ಮೇಷ್ಟ್ರಿಗೆ ಇದನ್ನೆಲ್ಲ ವಿವರಿಸಿದಾಗ, “ಇದು ನಮ್ಮ ಬೆಕ್ಕು ಕೋತಿ ವ್ಯಾಜ್ಯ ಅಲ್ಲವೇ?” ಎಂದರು. ಮರಿಕೋತಿ ತಾಯಿಯನ್ನು ತಾನೇ ಅವಚಿಕೊಳ್ಳಬೇಕು, ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ವಡಗಲೈ ಮತ್ತು ತೆಂಗಲೈ ಪಂಥಗಳ ಈ ಮರ್ಕಟ, ಮಾರ್ಜಾಲ ನ್ಯಾಯಗಳು ಮೇಲುಕೋಟೆಯ ಆಸುಪಾಸಿನವರಿಗೆ ಹೊಸದಲ್ಲ. ಹೋಲಿಕೆ ಚೆನ್ನಾಗಿದೆ, ಅರ್ಧ ದಾರಿಯವರೆಗೆ. ಬೆಕ್ಕು ಯಾವ ಮರಿಯನ್ನು ಎತ್ತಿಕೊಳ್ಳುತ್ತದೆ, ಯಾವುದನ್ನು ಬಿಡುತ್ತದೆ ಎಂಬುದು ಆ ನ್ಯಾಯದ ಪ್ರಶ್ನೆಯಲ್ಲ. ಅದಕ್ಕೆ ಮಧ್ವರ ಜೀವತ್ರೈವಿಧ್ಯ, ಅಂದರೆ ಜೀವಗಳಲ್ಲಿ ಮೂರು ಬಗೆ ಎಂಬ ಮಾತು, ಹೆಚ್ಚು ಹತ್ತಿರ, ಆದರೆ ಅಲ್ಲಿ ಭೇದವಿರುವುದು ಜೀವದ ಸ್ವಭಾವದಲ್ಲಿ. ಕಾಲ್ವಿನ್ ವಾದಿಗಳ ಪ್ರಕಾರ ಎಲ್ಲರೂ ಒಂದೇ ರೀತಿ ಕೆಟ್ಟವರು, ಭೇದವಿರುವುದು ದೇವರ ಸಂಕಲ್ಪದಲ್ಲಿ.

ಈಗ ನನ್ನ ಬೇಸರಕ್ಕೆ ಬರುತ್ತೇನೆ. ಮಂಡ್ಯದಲ್ಲಿ ನನ್ನ ಸೋದರತ್ತೆಯೊಬ್ಬರಿದ್ದಾರೆ. ಮಾವ ಸಭೆಯ ಮೆಟ್ಟಿಲು ಹತ್ತಿದವರಲ್ಲ. ಹೊಸದಾಗಿ ಬೈಬಲ್ ತರಬೇತಿ ಮುಗಿಸಿದ ಯುವಕರೊಬ್ಬರು ಅವರ ಮನೆಯ ಕುಟುಂಬ ಪ್ರಾರ್ಥನೆಯಲ್ಲಿ, ದೇವರು ಆರಿಸಿಕೊಂಡವರು ಮಾತ್ರ ನಂಬುತ್ತಾರೆ ಎಂದು ಒಂದು ಗಂಟೆ ಬೋಧಿಸಿ ಕಾಫಿ ಕುಡಿದು ಹೋದರಂತೆ. ನಾನು ಹೋದಾಗ ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ತಲೆಯೆತ್ತದೆ ಕೇಳಿದರು: “ಅಂಗಾರೆ ನಿಮ್ಮ ಮಾವನ ಹಣೇಲಿ ಬರೆದಿಲ್ಲ ಅಂತ್ಲಾ ಮಗ? ನಾ ಸುಮ್ಕೆ ಇಷ್ಟು ವರ್ಸ ಮೊಣಕಾಲೂರಿದ್ನಾ?” ಒಂದು ಕಲ್ಲು ಸಿಕ್ಕಿತು, ಅಂಗಳಕ್ಕೆ ಎಸೆದರು.

ಆ ಯುವಕರು ಹೇಳಿದ್ದು ವೇದವಾಕ್ಯವೇ ಇರಬಹುದು, ಅತ್ತೆ ಕೇಳಿಸಿಕೊಂಡದ್ದು ಹಣೆಬರಹ. ನಮ್ಮ ಅಡುಗೆಮನೆಯಲ್ಲಿ ಆರಿಸುವುದೆಂದರೆ ಕಲ್ಲನ್ನು ಹುಡುಕಿ ಎಸೆಯುವುದು. ಪೌಲನ ಪತ್ರಿಕೆಗಳಲ್ಲಿ ಆರಿಸಿಕೊಳ್ಳುವುದೆಂದರೆ ಎತ್ತಿ ಮಡಿಲಿಗೆ ಹಾಕಿಕೊಳ್ಳುವುದು. ಎಫೆಸದವರಿಗೆ ಬರೆದ ಪತ್ರಿಕೆಯ ಮೊದಲ ಅಧ್ಯಾಯದಲ್ಲಿ ಆ ಮಾತು ಬರುವುದು ಸ್ತೋತ್ರದ ನಡುವೆ, ಬಂದ ದಾರಿಯನ್ನು ತಿರುಗಿ ನೋಡಿ, ನನ್ನನ್ನು ಇಲ್ಲಿಗೆ ತಂದವನು ನಾನಲ್ಲ ಎನ್ನುವವನ ಬಾಯಲ್ಲಿ. ಇನ್ನೂ ಬಾರದವನ ಕಡೆಗೆ ಬೆರಳು ತೋರಿಸಿ ಅದನ್ನು ಹೇಳಿದ ಕೂಡಲೇ ಅದು ಜಾತಕವಾಗುತ್ತದೆ. ನಾನು ದೇವರ ಆಯ್ಕೆಯನ್ನು ನಂಬುವವನು. ನನ್ನ ಜೀವನವನ್ನು ನೋಡಿಕೊಂಡರೆ ಬೇರೆ ವಿವರಣೆ ನನಗೆ ಸಿಗುವುದಿಲ್ಲ. ಪ್ರಾಯಶ್ಚಿತ್ತ ಸೀಮಿತವೆಂಬ ಮೂರನೆಯ ಅಂಶವನ್ನು ಮಾತ್ರ ಒಪ್ಪಲು ಇಂದಿಗೂ ಆಗಿಲ್ಲ. ಆದರೆ ಐದನ್ನೂ ಒಪ್ಪಿ ಅತ್ತೆಯಂಥವರ ಪ್ರಾರ್ಥನೆಯನ್ನು ಉಳಿಸಬಲ್ಲ ಪಾಸ್ಟರ್ ನಮಗೆ ಬೇಕು, ಒಂದನ್ನೂ ಒಪ್ಪದೆ ಉಳಿಸಬಲ್ಲವರೂ ಆಗಬಹುದು. ಅಂದು ನಾನು ಅತ್ತೆಗೆ ಓದಿ ಹೇಳಿದ್ದು ರೋಮಾಪುರದವರಿಗೆ ಬರೆದ ಪತ್ರಿಕೆಯ 10ನೆಯ ಅಧ್ಯಾಯದ ಮೊದಲ ವಚನವನ್ನು: 9ನೆಯ ಅಧ್ಯಾಯದಲ್ಲಿ ಕುಂಬಾರನ ಮತ್ತು ಮಣ್ಣಿನ ಮಾತನ್ನು ಬರೆದ ಅದೇ ಪೌಲನು, ಲೇಖನಿ ಕೆಳಗಿಡುವ ಮೊದಲೇ, ತನ್ನ ಜನರ ರಕ್ಷಣೆಗಾಗಿ ತಾನು ಪ್ರಾರ್ಥಿಸುತ್ತಿದ್ದೇನೆ ಎನ್ನುತ್ತಾನೆ. ಅತ್ತೆ ಏನೂ ಹೇಳಲಿಲ್ಲ, ಆ ಪುಟಕ್ಕೆ ಒಂದು ನೂಲನ್ನು ಇಟ್ಟುಕೊಂಡರು.

ಈ ಭಾನುವಾರದ ಸಮಿತಿಯಲ್ಲಿ ಏಳನೆಯ ಪ್ರಶ್ನೆಯನ್ನು ತೆಗೆದುಹಾಕಲು ಕೇಳಲಿದ್ದೇನೆ. ಅದರ ಬದಲು, ಬರುವ ಅಭ್ಯರ್ಥಿಗಳು ಒಂದು ಭಾನುವಾರ 9ನೆಯ ಅಧ್ಯಾಯದ ಮೇಲೆ, ಮುಂದಿನ ಭಾನುವಾರ 10ನೆಯದರ ಮೇಲೆ ಪ್ರಸಂಗ ಮಾಡಲಿ. ಎರಡನ್ನೂ ಕೇಳಲು ಮಂಡ್ಯದಿಂದ ಬರುವುದಾಗಿ ಅತ್ತೆ ಹೇಳಿದ್ದಾರೆ. ಅವರನ್ನು ಬೆಳಗಿನ ರೈಲಿನಲ್ಲಿ ಕರೆತರುವ ಜವಾಬ್ದಾರಿಯನ್ನು ಮಾವ ವಹಿಸಿಕೊಂಡಿದ್ದಾರಂತೆ. ಪ್ರಸಂಗ ಮುಗಿಯುವವರೆಗೆ ಹೊರಗಿನ ಹೊಂಗೆ ಮರದ ಕೆಳಗೆ ಕುಳಿತಿರುತ್ತಾರಂತೆ.