ಪಠ್ಯಪುಸ್ತಕ ಇಲ್ಲದ ತರಗತಿ: ಬೇಕೇ, ಬೇಡವೇ?

ಮಗುವನ್ನು ಅಂತರರಾಷ್ಟ್ರೀಯ ಪ್ರಾಥಮಿಕ ಶಾಲೆಗೆ ಸೇರಿಸಿದ ತಂದೆ ತಾಯಿ ಮೊದಲ ತಿಂಗಳಲ್ಲೇ ಕೇಳುವ ಪ್ರಶ್ನೆ ಒಂದಿದೆ: "ಈಗ ಯಾವ ಪಾಠ ನಡೀತಿದೆ?" ಇದಕ್ಕೆ ಮಗುವಿನ ಹತ್ತಿರ ಉತ್ತರ ಇರುವುದಿಲ್ಲ. ಪಾಠಗಳಿಗೆ ನಂಬರೇ ಇಲ್ಲ, ಯಾಕಂದ್ರೆ ಪುಸ್ತಕವೇ ಇಲ್ಲ.

ಎಲ್ಲ ಅಂತರರಾಷ್ಟ್ರೀಯ ಶಾಲೆಗಳೂ ಹೀಗಿರುವುದಿಲ್ಲ. ಕೇಂಬ್ರಿಡ್ಜ್ ಪ್ರೈಮರಿ ಎಂಬ ಪಠ್ಯಕ್ರಮ ನಡೆಸುವ ಕಡೆ ಯಾವ ವರ್ಷ ಏನು ಕಲಿಯಬೇಕು ಅನ್ನುವ ಪಟ್ಟಿ ಇರುತ್ತದೆ. ಅದಕ್ಕೆ ಹೊಂದುವ ಪುಸ್ತಕಗಳೂ ಸಿಗುತ್ತವೆ. ಪುಸ್ತಕ ಕಾಣೆಯಾಗುವುದು ಹೆಚ್ಚಾಗಿ ಐಬಿ, ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್ ಸಂಸ್ಥೆಯ ಕ್ರಮ ನಡೆಸುವ ಶಾಲೆಗಳಲ್ಲಿ. 1968ರಲ್ಲಿ ಜಿನೀವಾದಲ್ಲಿ ಹುಟ್ಟಿದ ಐಬಿ, ಮೊದಲು ಕಾಲೇಜಿನ ಹೊಸ್ತಿಲಲ್ಲಿ ನಿಂತವರಿಗಾಗಿ ಮಾತ್ರ ಇತ್ತು. 3ರಿಂದ 12 ವರ್ಷದ ಮಕ್ಕಳಿಗೆ ಪಿವೈಪಿ (ಪ್ರೈಮರಿ ಇಯರ್ಸ್ ಪ್ರೋಗ್ರಾಂ) ಎಂಬ ಕ್ರಮವನ್ನು ತಂದದ್ದು 1997ರಲ್ಲಿ. ಅದರಲ್ಲಿ 'ನಾವು ಯಾರು', 'ಜಗತ್ತು ಹೇಗೆ ನಡೆಯುತ್ತದೆ' ಎಂಬಂಥ ಆರು ದೊಡ್ಡ ವಿಷಯಗಳಿವೆ. ಒಂದೊಂದರ ಕೆಳಗೆ ಕೆಲವು ವಾರ ನಡೆಯುವ ಒಂದು ಯೂನಿಟ್. ಇಂಥದ್ದೇ ಪುಸ್ತಕ ಅಂತ ಗೊತ್ತು ಮಾಡಿಲ್ಲ. ಐಬಿ ನಡೆಸುವ ಪರೀಕ್ಷೆಯೂ ಈ ಹಂತದಲ್ಲಿಲ್ಲ.

ಪುಟ್ಟ ಮಕ್ಕಳ ತರಗತಿಯಲ್ಲಿ ಪುಸ್ತಕ ಬದಿಗಿಟ್ಟು, ಅವರ ಪ್ರಶ್ನೆಗಳ ಸುತ್ತ ಪಾಠ ಕಟ್ಟುವುದು ಸರಿಯೇ? ಇಲ್ಲಿ ಎರಡು ವಾದಗಳಿವೆ.

ಪರ: ಮಗು ಏನು ಅಂದುಕೊಂಡಿದೆ ಅಂತ ಮೊದಲು ಕೇಳಿ

ಋತುಗಳ ಪಾಠವನ್ನೇ ತೆಗೆದುಕೊಳ್ಳಿ. ಚಳಿಗಾಲ ಯಾಕೆ ಬರುತ್ತದೆ ಅಂತ ಎಂಟು ವರ್ಷದ ಮಕ್ಕಳನ್ನು ಕೇಳಿದರೆ ಎಷ್ಟೋ ಮಂದಿ ಹೇಳುವುದು ಒಂದೇ: ಆಗ ಭೂಮಿ ಸೂರ್ಯನಿಂದ ದೂರ ಹೋಗುತ್ತದೆ. ಕೇಳೋಕೆ ಸರಿ ಅನ್ನಿಸುತ್ತದೆ, ಅಲ್ವಾ? ದೊಡ್ಡವರಲ್ಲೂ ಹೀಗೇ ನಂಬಿದವರಿದ್ದಾರೆ. ಸಾಮಾನ್ಯ ಪಠ್ಯಪುಸ್ತಕ ಈ ನಂಬಿಕೆಯನ್ನು ವಿಚಾರಿಸಲು ಹೋಗುವುದೇ ಇಲ್ಲ. ಭೂಮಿಯ ಅಕ್ಷ 23.5 ಡಿಗ್ರಿ ವಾಲಿದೆ ಅಂತ ಶುರುವಿನಲ್ಲೇ ಹೇಳಿಬಿಡುತ್ತದೆ. ಮಗು ಆ ಸಾಲನ್ನು ಬಾಯಿಪಾಠ ಮಾಡಿ ಅಂಕ ತೆಗೆಯುತ್ತದೆ. ಒಳಗಿನ ನಂಬಿಕೆ ಮಾತ್ರ ಅಲ್ಲಾಡದೆ ಕೂತಿರುತ್ತದೆ.

ಅದೇ ಪ್ರಶ್ನೆಯನ್ನು ಹಲವು ದೇಶದ ಮಕ್ಕಳಿರುವ ತರಗತಿಯಲ್ಲಿ ಕೇಳಿ ನೋಡಿ. ಡಿಸೆಂಬರಿನ ಚಿತ್ರ ಬಿಡಿಸಿ ಅಂದರೆ ಕೆನಡಾದ ಮಗು ಹಿಮ ಬಿಡಿಸುತ್ತದೆ. ಆಸ್ಟ್ರೇಲಿಯಾದ ಮಗು ಸಮುದ್ರತೀರ, ಸುಡುವ ಸೂರ್ಯ ಬಿಡಿಸುತ್ತದೆ. ಭೂಮಧ್ಯರೇಖೆಯ ಹತ್ತಿರ ಬೆಳೆದ ಮಗು ಇಬ್ಬರ ಕಾಗದವನ್ನೂ ಬಗ್ಗಿ ನೋಡುತ್ತದೆ, ಅದಕ್ಕೆ ಎಲ್ಲ ತಿಂಗಳೂ ಹೆಚ್ಚುಕಡಿಮೆ ಒಂದೇ. ಮೂರು ಚಿತ್ರಗಳನ್ನು ಪಕ್ಕಪಕ್ಕ ಗೋಡೆಗೆ ಅಂಟಿಸಿದರೆ ಸಾಕು. ಭೂಮಿ ದೂರ ಹೋದರೆ ಎಲ್ಲರಿಗೂ ಚಳಿ ಆಗಬೇಕಿತ್ತಲ್ಲ ಅಂತ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಆಗ ಟೀಚರ್ ಇನ್ನೊಂದು ಸಂಗತಿ ಮುಂದಿಡಬಹುದು: ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿಯ ಮೊದಲ ದಿನಗಳಲ್ಲಿ. ಗದ್ದಲವೋ ಗದ್ದಲ. ಇಷ್ಟಾದ ಮೇಲೆ ಗ್ಲೋಬು, ಟಾರ್ಚು ಹೊರಗೆ ಬಂದರೆ ವಾಲಿದ ಅಕ್ಷದ ಮಾತು ಮಕ್ಕಳಿಗೆ ಬೇಕಾಗಿಯೇ ಇರುತ್ತದೆ.

ಇಂಥ ತರಗತಿಗೆ ಪುಸ್ತಕ ತರಬೇಕು ಅಂದರೆ ಯಾವ ದೇಶದ್ದು ತರೋಣ? ಇದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ. ಒಂದು ದೇಶದ ಪುಸ್ತಕ ಆ ದೇಶದ ಮಗುವನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದದ್ದು. ಅದರಲ್ಲಿ 'ನಮ್ಮ ಇತಿಹಾಸ' ಅಂದಾಗ ತರಗತಿಯ ಅರ್ಧ ಮಕ್ಕಳು ಆ 'ನಮ್ಮ'ದ ಹೊರಗೆ ಕೂತಿರುತ್ತಾರೆ. ವಲಸೆಯ ಬಗ್ಗೆ ಯೂನಿಟ್ ನಡೆಯುವಾಗ ಪಿವೈಪಿ ತರಗತಿಯಲ್ಲಿ ಮಕ್ಕಳು ತಮ್ಮ ಅಜ್ಜ ಅಜ್ಜಿಯನ್ನು ಫೋನಿನಲ್ಲಿ ಮಾತನಾಡಿಸಿ ಬರುತ್ತಾರೆ. ಒಬ್ಬರ ಮನೆ ಕೆಲಸಕ್ಕಾಗಿ ಊರು ಬಿಟ್ಟದ್ದು, ಇನ್ನೊಬ್ಬರ ಮನೆ ಯುದ್ಧಕ್ಕೆ ಹೆದರಿ ಬಿಟ್ಟದ್ದು. ಇಂಥ ಸಂಗತಿಗಳನ್ನು ಯಾವ ಪ್ರಕಾಶಕರೂ ಮೊದಲೇ ಅಚ್ಚು ಹಾಕಿ ಇಡಲಾರರು.

ಇನ್ನು ವರ್ಷದ ಮಧ್ಯೆ ಬರುವ ಮಕ್ಕಳು. ತಂದೆಗೋ ತಾಯಿಗೋ ವರ್ಗವಾಗಿ ಫೆಬ್ರವರಿಯಲ್ಲಿ ಹೊಸ ಮುಖ ಬರುವುದು ಈ ಶಾಲೆಗಳಲ್ಲಿ ಮಾಮೂಲು. ಪುಸ್ತಕದ ಏಳನೇ ಪಾಠಕ್ಕೆ ಬಂದಿಳಿಯುವ ಮಗು ಮೊದಲ ದಿನದಿಂದಲೇ ಹಿಂದುಳಿದ ಲೆಕ್ಕ. ಯೂನಿಟ್ ಆದರೆ ಕೆಲವೇ ವಾರ. ಹೊಸದು ಶುರುವಾಗುವಾಗ ಹಳಬರೂ ಹೊಸಬರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

"ಹಾಗಾದ್ರೆ ಮಗ್ಗಿ ಯಾವಾಗ?" ಅಂತ ಕೇಳುವವರಿಗೆ: ಪಿವೈಪಿ ಮಗ್ಗಿಯನ್ನು ನಿಷೇಧಿಸಿಲ್ಲ. ಯೂನಿಟ್ಟಿಗೆ ಹೊಂದದ ಗಣಿತವನ್ನು, ಅಕ್ಷರ ಓದುವುದನ್ನು ಪ್ರತ್ಯೇಕವಾಗಿ ಕಲಿಸಲು ಅಡ್ಡಿಯೇ ಇಲ್ಲ. ಒಳ್ಳೆಯ ಶಾಲೆಗಳು ಹಾಗೆ ಮಾಡುತ್ತವೆ ಕೂಡ.

ಹೀಗೆ ಕಲಿಸುವುದು ಅಂದರೆ ಮಕ್ಕಳನ್ನು ಅವರ ಪಾಡಿಗೆ ಬಿಡುವುದು ಅಂದುಕೊಂಡವರೂ ಇದ್ದಾರೆ. ಅವರು ಬಯ್ಯುತ್ತಿರುವುದು ಬೇರೆಯದನ್ನೇ. 2011ರಲ್ಲಿ ಅಲ್ಫಿಯೇರಿ ಎಂಬ ಸಂಶೋಧಕರು ಮತ್ತು ಜೊತೆಗಾರರು 164 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ಸಹಾಯವೇ ಇಲ್ಲದೆ ಕಂಡುಕೊಳ್ಳಿ ಅಂತ ಬಿಟ್ಟ ಕಡೆ ಕಲಿಕೆ ಸೊರಗಿತ್ತು, ನಿಜ. ಆದರೆ ದಾರಿ ತೋರುತ್ತಾ, ತಪ್ಪನ್ನು ತಿದ್ದುತ್ತಾ, ಯಾಕೆ ಹೀಗೆ ಅಂತ ಮಕ್ಕಳಿಂದಲೇ ವಿವರಣೆ ಕೇಳುತ್ತಾ ನಡೆಸಿದ ಹುಡುಕಾಟ ಬೇರೆ ವಿಧಾನಗಳಿಗಿಂತ ಮುಂದಿತ್ತು. ನಾನು ಪರ ವಹಿಸುತ್ತಿರುವುದು ಈ ಎರಡನೆಯದಕ್ಕೆ. ಇದರಲ್ಲಿ ಟೀಚರ್ ಕೆಲಸ ಕಡಿಮೆಯಾಗುವುದಿಲ್ಲ, ಜಾಸ್ತಿ ಆಗುತ್ತದೆ.

ಪೋಷಕರು ಬರುವ ದಿನವನ್ನೂ ಹೇಳಲೇಬೇಕು. ಅಲ್ಲಿ ಮಾತಾಡುವುದು ಟೀಚರ್ ಅಲ್ಲ, ಮಗು. ತನ್ನ ಫೈಲು ತೆರೆದು, ವರ್ಷದ ಶುರುವಿನಲ್ಲಿ ಬರೆದ ಕಥೆಯನ್ನೂ ಈಗ ಬರೆದದ್ದನ್ನೂ ತೋರಿಸಿ ಎಲ್ಲಿ ಸುಧಾರಿಸಿದ್ದೇನೆ, ಎಲ್ಲಿ ಇಲ್ಲ ಅಂತ ತಾನೇ ಹೇಳುತ್ತದೆ. ಏಳು ವರ್ಷದ ಮಗು "ನನ್ನ ಕಥೆಗೆ ಕೊನೆ ಸರಿಯಾಗಿಲ್ಲ" ಅನ್ನುವುದನ್ನು ಕೇಳಿದರೆ, ಅಂಕದ ಪಟ್ಟಿ ಏನು ಹೇಳುತ್ತಿತ್ತು ಅನ್ನುವ ಕುತೂಹಲ ಉಳಿಯುವುದಿಲ್ಲ.

ವಿರೋಧ: ಪ್ರಶ್ನೆ ಹುಟ್ಟಬೇಕಾದರೂ ಏನಾದರೂ ಗೊತ್ತಿರಬೇಕು

ಋತುಗಳ ಉದಾಹರಣೆ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಅದು ವರ್ಷದ ಅತ್ಯುತ್ತಮ ದಿನದ ವರ್ಣನೆ. ಶಾಲೆಯನ್ನು ಅಳೆಯಬೇಕಾದದ್ದು ಮಾಮೂಲು ಮಂಗಳವಾರದಿಂದ.

ಈ ತರಗತಿಗಳ ಗೋಡೆಯ ಮೇಲೆ ಮಕ್ಕಳ ಪ್ರಶ್ನೆಗಳ ಚೀಟಿಗಳು ಅಂಟಿರುತ್ತವೆ. ಅವು ಯಾರವು ಅಂತ ನೋಡಿ. ಮನೆಯಲ್ಲಿ ಕಪಾಟು ತುಂಬ ಪುಸ್ತಕ ಇರುವ, ಊಟದ ಹೊತ್ತಲ್ಲಿ ಅಪ್ಪ ಅಮ್ಮ ಗ್ರಹಗಳ ಬಗ್ಗೆ ಮಾತಾಡುವ ಮಕ್ಕಳ ಚೀಟಿಗಳೇ ಜಾಸ್ತಿ. ಜ್ವಾಲಾಮುಖಿಯ ಬಗ್ಗೆ ಏನೂ ಗೊತ್ತಿಲ್ಲದ ಮಗು ಅದರ ಬಗ್ಗೆ ಏನಂತ ಕೇಳಬೇಕು? "ಅದು ದೊಡ್ಡದಾ?" ಅಂತ ಬರೆದು ಸುಮ್ಮನಾಗುತ್ತದೆ. ಪ್ರಶ್ನೆಯಿಂದಲೇ ಪಾಠ ಶುರುವಾದರೆ ಮೊದಲೇ ತಿಳಿದವರಿಗೆ ಇನ್ನಷ್ಟು ತಿಳಿಯುತ್ತದೆ.

ಇದಕ್ಕೆ ಭಾಷೆಯ ತೊಡಕೂ ಸೇರಿಕೊಳ್ಳುತ್ತದೆ. ಅಂತರರಾಷ್ಟ್ರೀಯ ಶಾಲೆಯಲ್ಲಿ ಇಂಗ್ಲಿಷ್ ಈಗಷ್ಟೇ ಕಲಿಯುತ್ತಿರುವ ಮಕ್ಕಳು ಯಾವಾಗಲೂ ಇರುತ್ತಾರೆ. ಹೊಸ ಭಾಷೆಯಲ್ಲಿ ಆಟದ ಮೈದಾನದ ಮಾತು ಬರಲು ಸುಮಾರು ಎರಡು ವರ್ಷ ಸಾಕು. ಪಾಠದ ಭಾಷೆ ವಯಸ್ಸಿಗೆ ತಕ್ಕ ಮಟ್ಟ ಮುಟ್ಟಲು ಐದು ವರ್ಷ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಬೇಕು ಅಂತ ಕೆನಡಾದ ಭಾಷಾ ಸಂಶೋಧಕ ಜಿಮ್ ಕಮಿನ್ಸ್ ದಶಕಗಳಿಂದ ಹೇಳುತ್ತಾ ಬಂದಿದ್ದಾರೆ. ಹುಡುಕಾಟದ ತರಗತಿ ಪೂರ್ತಿ ಮಾತಿನ ಮೇಲೆ ನಿಂತಿದೆ. ಗುಂಪಿನಲ್ಲಿ ನಾಲ್ಕು ಜನ ಚರ್ಚಿಸುತ್ತಿದ್ದರೆ ಐದನೆಯ ಮಗು ನಗುತ್ತಾ ಬಣ್ಣ ಹಚ್ಚುತ್ತಿರುತ್ತದೆ. ದೂರದಿಂದ ನೋಡಿದವರಿಗೆ ಅದೂ ಭಾಗವಹಿಸಿದ ಹಾಗೇ ಕಾಣುತ್ತದೆ. ಅದೇ ಒಂದು ಪುಸ್ತಕ ಇದ್ದಿದ್ದರೆ ಮನೆಗೆ ಒಯ್ಯಬಹುದಿತ್ತು, ನಿಘಂಟು ಇಟ್ಟುಕೊಂಡು ನಿಧಾನವಾಗಿ ಓದಬಹುದಿತ್ತು, ಅಮ್ಮನ ಹತ್ತಿರ ಮನೆಮಾತಿನಲ್ಲಿ ಹೇಳಿಸಿಕೊಂಡು ಮರುದಿನ ತಯಾರಾಗಿ ಬರಬಹುದಿತ್ತು. ಗಾಳಿಯಲ್ಲಿ ಹೋದ ಚರ್ಚೆಯನ್ನು ಮನೆಗೆ ಒಯ್ಯುವುದು ಹೇಗೆ?

ಅಧ್ಯಯನಗಳ ಮಾತು ಬಂದದ್ದರಿಂದ ನಾನೂ ಒಂದು ಹೇಳುತ್ತೇನೆ. 2004ರಲ್ಲಿ ಕ್ಲಾರ್ ಮತ್ತು ನಿಗಮ್ ಎಂಬ ಇಬ್ಬರು ಸಂಶೋಧಕರು ಅಮೆರಿಕದ 3 ಮತ್ತು 4ನೇ ತರಗತಿಯ 112 ಮಕ್ಕಳಿಗೆ ಇಳಿಜಾರು ಹಲಗೆ, ಚೆಂಡು ಕೊಟ್ಟರು. ಚೆಂಡು ಎಷ್ಟು ದೂರ ಉರುಳುತ್ತದೆ ಅನ್ನುವುದು ಯಾವುದರಿಂದ ಬದಲಾಗುತ್ತದೆ ಅಂತ ಪತ್ತೆ ಮಾಡಬೇಕು. ಕಲಿಯಬೇಕಾದ ಗುಟ್ಟು ಇಷ್ಟೇ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಅರ್ಧ ಮಕ್ಕಳಿಗೆ ಇದನ್ನು ಉದಾಹರಣೆ ಕೊಟ್ಟು ನೇರವಾಗಿ ಕಲಿಸಿದರು. ಉಳಿದವರು ಅದೇ ಸಾಮಾನು ಇಟ್ಟುಕೊಂಡು ತಾವೇ ಪ್ರಯೋಗ ಮಾಡಿದರು. ನೇರವಾಗಿ ಕಲಿತವರಲ್ಲಿ ಶೇ 77ರಷ್ಟು ಮಕ್ಕಳು ಆ ಗುಟ್ಟನ್ನು ಹಿಡಿದರು, ತಾವೇ ಹುಡುಕಿದವರಲ್ಲಿ ಶೇ 23. "ತಾನೇ ಕಂಡುಕೊಂಡದ್ದು ಗಟ್ಟಿ" ಅನ್ನುತ್ತಾರಲ್ಲ, ಅದನ್ನೂ ನೋಡಿದರು. ಬೇರೆಯವರ ಪ್ರಯೋಗದ ತಪ್ಪು ಹುಡುಕಲು ಕೊಟ್ಟಾಗ, ಕಂಡುಕೊಂಡು ಕಲಿತವರೂ ಹೇಳಿಸಿಕೊಂಡು ಕಲಿತವರೂ ಸಮ ಸಮ ಬಂದರು. ತಾವೇ ಹುಡುಕಿದವರಲ್ಲಿ ಅಷ್ಟು ಕಡಿಮೆ ಮಂದಿ ಗುಟ್ಟು ಹಿಡಿದದ್ದರ ಕಾರಣ ಊಹಿಸುವುದು ಕಷ್ಟವಲ್ಲ. ಹೊಸ ಸಂಗತಿಗಳನ್ನು ಒಟ್ಟಿಗೆ ಹಿಡಿದಿಡುವ ನೆನಪಿನ ಜಾಗ ಎಲ್ಲರಿಗೂ ಚಿಕ್ಕದು, ಮಕ್ಕಳಿಗೆ ಇನ್ನೂ ಚಿಕ್ಕದು. ಏನು ಹುಡುಕಬೇಕು, ಹೇಗೆ ಹುಡುಕಬೇಕು ಅನ್ನುವುದರಲ್ಲೇ ಅದು ತುಂಬಿಹೋದರೆ ಕಲಿಯಲು ಏನು ಉಳಿಯುತ್ತದೆ?

ದಾರಿ ತೋರುವ ಹುಡುಕಾಟ ಬೇರೆ ಅನ್ನುತ್ತಾರೆ. ಸರಿ, ದಾರಿ ತೋರುವವರು ಯಾರು? ಈ ಶಾಲೆಗಳಲ್ಲಿ ಟೀಚರ್‌ಗಳ ಮೊದಲ ಒಪ್ಪಂದ ಸಾಮಾನ್ಯವಾಗಿ ಎರಡು ವರ್ಷದ್ದು. ಕೆಲಸದ ಹದ ಸಿಗುವಷ್ಟರಲ್ಲಿ ಕೆಲವರು ಇನ್ನೊಂದು ದೇಶಕ್ಕೆ ಹೊರಟಿರುತ್ತಾರೆ. ಹೊಸಬರು ರಾತ್ರಿ ಹನ್ನೊಂದಕ್ಕೆ ಕೂತು ಮರುದಿನಕ್ಕೆ ಇಂಟರ್‌ನೆಟ್ಟಿನಿಂದ ವರ್ಕ್‌ಶೀಟ್ ಇಳಿಸುತ್ತಾರೆ. ಅಲ್ಲಿಗೆ ಪುಸ್ತಕ ಮುಂಬಾಗಿಲಿನಿಂದ ಹೋಯ್ತು, ಬಿಡಿ ಹಾಳೆಗಳು ಹಿತ್ತಲ ಬಾಗಿಲಿನಿಂದ ಬಂದವು. ವ್ಯತ್ಯಾಸ ಏನಂದರೆ ಪುಸ್ತಕವನ್ನು ನಾಲ್ಕು ಜನ ಕೂತು ಯೋಚಿಸಿ, ತಿದ್ದಿ ಬರೆದಿರುತ್ತಾರೆ. ಆ ಹಾಳೆಯನ್ನು ಯಾರು ಬರೆದರೋ.

ಪುಸ್ತಕ ಅಂದ ಕೂಡಲೇ ಬಾಯಿಪಾಠ ಅನ್ನುವುದೂ ಅನ್ಯಾಯ. ಸಿಂಗಪುರ 1980ರ ದಶಕದ ಶುರುವಿನಲ್ಲಿ ಪ್ರಾಥಮಿಕ ಗಣಿತಕ್ಕೆ ತನ್ನದೇ ಪುಸ್ತಕಗಳನ್ನು ತಂದಿತು. ಮೊದಲು ಕೈಯಲ್ಲಿ ಹಿಡಿಯುವ ವಸ್ತು, ಆಮೇಲೆ ಚಿತ್ರ, ಕೊನೆಗೆ ಅಂಕಿ ಅನ್ನುವ ಕ್ರಮ ಅಲ್ಲಿನ ಗಣಿತ ಪಾಠದ ಬೆನ್ನೆಲುಬು. ಟಿಮ್ಸ್ ಎಂಬ ಅಂತರರಾಷ್ಟ್ರೀಯ ಹೋಲಿಕೆಯಲ್ಲಿ 2019ರಲ್ಲೂ 2023ರಲ್ಲೂ ನಾಲ್ಕನೇ ತರಗತಿಯ ಗಣಿತದಲ್ಲಿ ಸಿಂಗಪುರವೇ ಮೊದಲು. ಎಲ್ಲ ಪುಸ್ತಕದಿಂದಲೇ ಆಯ್ತು ಅಂತ ನಾನು ಹೇಳುವುದಿಲ್ಲ. ಅಲ್ಲಿ ಟೀಚರ್ ತರಬೇತಿಯೂ ಬಿಗಿ. ಆದರೆ ಒಳ್ಳೆಯ ಪುಸ್ತಕ ಯೋಚನೆಯನ್ನು ಕೊಲ್ಲುತ್ತದೆ ಅನ್ನುವವರು ಅದನ್ನು ಒಮ್ಮೆ ತೆರೆದು ನೋಡಲಿ.

ಪುಸ್ತಕ ಕೊಡುವ ಇನ್ನೊಂದು ವಸ್ತು ಕ್ರಮ. ವರ್ಷದ ಮಧ್ಯೆ ಬರುವ ಮಗುವಿಗೆ ಯೂನಿಟ್ ಅನುಕೂಲ ಅಂದರು. ಅದೇ ಮಗು ಮುಂದಿನ ವರ್ಷ ಇನ್ನೊಂದು ಶಾಲೆಗೆ ಹೋಗುತ್ತದಲ್ಲ? ಅಲ್ಲಿ ನೋಡಿದರೆ ಡೈನೋಸಾರ್ ಎರಡು ಸಲ ಆಗಿರುತ್ತದೆ, ಭಿನ್ನರಾಶಿ ಒಂದು ಸಲವೂ ಆಗಿರುವುದಿಲ್ಲ. ಗಣಿತದಲ್ಲಿ ಒಂದು ಮೆಟ್ಟಿಲು ತಪ್ಪಿದರೆ ಮುಂದಿನವೆಲ್ಲ ಅಲ್ಲಾಡುತ್ತವೆ. ತಂದೆ ತಾಯಿಗೆ ಇದು ತಿಳಿಯುವುದೂ ತಡವಾಗಿ, ಯಾಕಂದ್ರೆ ರಿಪೋರ್ಟ್ ಕಾರ್ಡಿನಲ್ಲಿ ಇರುವುದು "ಬೆಳೆಯುತ್ತಿದೆ", "ನಿರೀಕ್ಷೆಯತ್ತ ಸಾಗುತ್ತಿದೆ" ಅನ್ನುವ ಮಾತುಗಳು. ಒಳ್ಳೆಯ ಮಾತುಗಳೇ. ಆದರೆ ಮಗುವಿಗೆ ಭಾಗಾಕಾರ ಬರುತ್ತದಾ ಇಲ್ಲವಾ?

ಓದಿಗೂ ಇದೇ ಅನ್ವಯಿಸುತ್ತದೆ. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬ ಸಂಶೋಧಕರು ಏಳು, ಎಂಟನೇ ತರಗತಿಯವರಿಗೆ ಬೇಸ್‌ಬಾಲ್ ಬಗ್ಗೆ ಒಂದು ಬರಹ ಓದಲು ಕೊಟ್ಟರು. ಓದುವುದರಲ್ಲಿ ಹಿಂದೆ, ಆದರೆ ಆಟ ಚೆನ್ನಾಗಿ ಗೊತ್ತು ಅನ್ನುವ ಮಕ್ಕಳು, ಚೆನ್ನಾಗಿ ಓದುವ ಆದರೆ ಆಟ ಗೊತ್ತಿಲ್ಲದ ಮಕ್ಕಳಿಗಿಂತ ಜಾಸ್ತಿ ನೆನಪಿಟ್ಟುಕೊಂಡರು. ಅಂದರೆ ಅರ್ಥವಾಗುವುದು ಮೊದಲೇ ಏನು ಗೊತ್ತಿದೆ ಅನ್ನುವುದರ ಮೇಲೆ ನಿಂತಿದೆ. ಆ ತಿಳಿವಳಿಕೆಯನ್ನು ಕ್ರಮವಾಗಿ, ಎಲ್ಲ ಮಕ್ಕಳಿಗೂ ಕೊಡಬೇಕಾದದ್ದು ಶಾಲೆ. ಗೋಡೆಯ ಚೀಟಿಗಳು ಎತ್ತ ಕರೆದವೋ ಅತ್ತ ಹೋದರೆ ಅದು ಆಗುವುದಿಲ್ಲ.

ಪಿವೈಪಿಯ ಕೊನೆಯ ವರ್ಷದ ಎಕ್ಸಿಬಿಷನ್, ಅಂದರೆ ಮಕ್ಕಳು ತಾವೇ ಒಂದು ವಿಷಯ ಆರಿಸಿ ಹುಡುಕಾಟ ನಡೆಸಿ ಎಲ್ಲರಿಗೂ ತೋರಿಸುವ ಪ್ರಾಜೆಕ್ಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹತ್ತು ಗುಂಪಿನಲ್ಲಿ ನಾಲ್ಕು ಗುಂಪಿನ ವಿಷಯ ಪ್ಲಾಸ್ಟಿಕ್ ಆಗಿದ್ದರೆ, ಮಾದರಿಯ ಅಂಟು ಒಣಗಿಸಿದ್ದು ಯಾರ ಅಪ್ಪ ಅಂತ ಎಲ್ಲರಿಗೂ ಗೊತ್ತಿದ್ದರೆ, ಯಾರ ಪ್ರಶ್ನೆ, ಯಾರ ಹುಡುಕಾಟ?

ಪ್ರಶ್ನೆ ಕೇಳುವುದನ್ನು ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಬೆಳಗ್ಗೆ ಗಣಿತ, ಓದು, ಬರಹ ಪುಸ್ತಕದ ಕ್ರಮದಲ್ಲಿ ನಡೆಯಲಿ. ಮಧ್ಯಾಹ್ನ ಯೂನಿಟ್, ಚರ್ಚೆ, ಟಾರ್ಚು, ಗ್ಲೋಬು ಎಲ್ಲ ಇರಲಿ. ಜೊತೆಗೆ ವರ್ಷಕ್ಕೊಮ್ಮೆ ಹೊರಗಿನವರು ಮಾಡಿದ ಒಂದು ಪರೀಕ್ಷೆ. ಆಸ್ಟ್ರೇಲಿಯಾದ ಎಸಿಇಆರ್ ಸಂಸ್ಥೆ ಅಂತರರಾಷ್ಟ್ರೀಯ ಶಾಲೆಗಳಿಗೆಂದೇ ಐಎಸ್‌ಎ ಎಂಬ ಪರೀಕ್ಷೆ ನಡೆಸುತ್ತದೆ, ಮೂರನೇ ತರಗತಿಯ ಮಕ್ಕಳೂ ಬರೆಯಬಹುದು. ಅದರ ಫಲಿತಾಂಶವನ್ನು ಬಚ್ಚಿಡದೆ ಪೋಷಕರ ಕೈಗೆ ಕೊಡುವ ಶಾಲೆಯಲ್ಲಿ, ಪುಸ್ತಕ ಯಾಕಿಲ್ಲ ಅಂತ ನಾನು ಇಷ್ಟು ಜಗಳ ತೆಗೆಯುವುದಿಲ್ಲ.