ಒಬ್ಬನೇ ಬಂದ ಶನಿವಾರ

ಕಳೆದ ಜುಲೈ ತಿಂಗಳ ಒಂದು ಶನಿವಾರ. ವಿರಾಜಪೇಟೆಯಲ್ಲಿ ಬೆಳಗಿನಿಂದ ಬಿಡದೆ ಮಳೆ, ಮಧ್ಯಾಹ್ನದಿಂದ ಕರೆಂಟ್ ಇಲ್ಲ. ನಮ್ಮ ವಿದ್ಯಾರ್ಥಿ ಕೂಟ ನಡೆಯುವ ಮಹಡಿಯ ಕೋಣೆಯಲ್ಲಿ ಹದಿನೈದು ಕುರ್ಚಿ ಹಾಕಿಕೊಂಡು ಕಾಯುತ್ತಿದ್ದೆ. ಐದೂಮುಕ್ಕಾಲಾದರೂ ಒಬ್ಬರೂ ಬರಲಿಲ್ಲ. ಕುರ್ಚಿಗಳನ್ನು ಪೇರಿಸಿಟ್ಟು ಬೀಗ ಕೈಗೆತ್ತಿಕೊಂಡಾಗ ಸಿದ್ದಾಪುರದ ಕಡೆಯ ಒಬ್ಬ ಹುಡುಗ ಮೆಟ್ಟಿಲು ಹತ್ತಿ ಬಂದ. ಪ್ಯಾಂಟು ಮೊಣಕಾಲಿನವರೆಗೂ ತೊಯ್ದಿತ್ತು. ಬೈಬಲನ್ನು ಮಾತ್ರ ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿ ಅಂಗಿಯೊಳಗೆ ಅವಿತಿಟ್ಟುಕೊಂಡಿದ್ದ. “ಅಣ್ಣಾ, ಇವತ್ತು ಕೂಟ ಇಲ್ಲವೇ?” ಎಂದ.

ನಿಜ ಹೇಳುತ್ತೇನೆ, ನನಗೆ ಸಂತೋಷವಾಗಲಿಲ್ಲ. ಬೇಗ ಮನೆಗೆ ಹೋಗಬಹುದಿತ್ತು ಎನಿಸಿತು. ಹಾಗೆ ಎನಿಸಿದ್ದೇ ನನ್ನನ್ನು ಹೆದರಿಸಿತು.

ಕಾಲೇಜು ಮಕ್ಕಳ ನಡುವಿನ ಸೇವೆಯಲ್ಲಿ ದಣಿವಿಗೆ ಒಂದು ಬೇರೆಯೇ ಕಾರಣವಿದೆ. ಸಭೆಯ ಪಾಲಕರು ತಾವು ದೀಕ್ಷಾಸ್ನಾನ ಕೊಟ್ಟ ಮಗುವಿನ ಮದುವೆಯನ್ನೂ ನಡೆಸಿಕೊಡುತ್ತಾರೆ. ನಮಗೆ ಸಿಗುವುದು ಮೂರು ವರ್ಷ. ಮೊದಲ ವರ್ಷ ಹಿಂದಿನ ಸಾಲಿನಲ್ಲಿ ಕುಳಿತು ನೆಲ ನೋಡುತ್ತಾರೆ, ಎರಡನೆಯ ವರ್ಷ ಬಾಯಿ ಬಿಡುತ್ತಾರೆ, ಮೂರನೆಯ ವರ್ಷ ತಾವೇ ಬೈಬಲ್ ಅಧ್ಯಯನ ನಡೆಸುವ ಹೊತ್ತಿಗೆ ಮೈಸೂರಿಗೋ ಬೆಂಗಳೂರಿಗೋ ಹೊರಡುತ್ತಾರೆ. ಜೂನ್ ಬಂದರೆ ಮತ್ತೆ ಮೊದಲಿನಿಂದ. ನಡುವೆ ಜನವರಿಯಲ್ಲಿ ರೊಬಸ್ಟಾ ಕುಯ್ಲು ಶುರುವಾದರೆ ಶನಿವಾರ ಯಾರೂ ಸಿಗುವುದಿಲ್ಲ, ಮನೆಯವರೊಂದಿಗೆ ತೋಟದಲ್ಲಿರುತ್ತಾರೆ. ಇರಲೇಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಇರುವುದು ಲೆಕ್ಕದ ಬಗ್ಗೆ. ಎಷ್ಟು ಜನ ಬಂದರು, ಎಷ್ಟು ಹೊಸಬರು, ಎಷ್ಟು ಮಂದಿ ಯೇಸುವನ್ನು ಹಿಂಬಾಲಿಸುವ ತೀರ್ಮಾನ ಮಾಡಿದರು ಎಂದು ತಿಂಗಳ ಕೊನೆಗೆ ವರದಿ ಕಳುಹಿಸುತ್ತಿದ್ದೆ. ಸಂಖ್ಯೆ ಏರಿದ ತಿಂಗಳು ಕರ್ತನು ನನ್ನನ್ನು ಮೆಚ್ಚಿದನೆಂದೂ ಇಳಿದ ತಿಂಗಳು ಕೈಬಿಟ್ಟನೆಂದೂ ಮನಸ್ಸು ತಾನೇ ತೀರ್ಪು ಕೊಡುತ್ತಿತ್ತು. ಇನ್ನೂ ಕೆಟ್ಟದ್ದೊಂದಿದೆ. ಸಂದೇಶ ಸಿದ್ಧಪಡಿಸುವುದಕ್ಕಲ್ಲದೆ ನಾನು ಬೈಬಲ್ ತೆರೆಯುವುದೇ ನಿಂತುಹೋಗಿತ್ತು. ಯಾವ ವಾಕ್ಯ ಕಂಡರೂ ‘ಇದು ಎರಡನೇ ವರ್ಷದವರಿಗೆ ಚೆನ್ನಾಗಿರುತ್ತದೆ’ ಎನ್ನುತ್ತಿದ್ದೆ. ನನಗೆಂದು ಓದಿ ಎಷ್ಟು ತಿಂಗಳಾಗಿತ್ತೋ! ದಿನವಿಡೀ ಅಡುಗೆ ಮಾಡಿ ಬಡಿಸುವವಳು ತಾನು ಉಣ್ಣದೆ ಮಲಗಿದ ಹಾಗೆ.

ಆ ಸಂಜೆ ಮೊಬೈಲ್ ಬೆಳಕಿನಲ್ಲಿ ಇಬ್ಬರೇ ಕುಳಿತೆವು. ಅವನು ಮಲಯಾಳದಲ್ಲಿ ಓದಿದ, ನಾನು ಕನ್ನಡದಲ್ಲಿ. ನಮ್ಮ ಕೂಟದಲ್ಲಿ ಇದು ಮಾಮೂಲು, ತಮಿಳು ಬೈಬಲ್ ತರುವವರೂ ಇದ್ದಾರೆ. ಓದಿದ್ದು ಅರಸುಗಳು ಮೊದಲನೆಯ ಪುಸ್ತಕದ 19ನೆಯ ಅಧ್ಯಾಯ. ಪ್ರವಾದಿ ಎಲೀಯನು ಅಡವಿಯಲ್ಲಿ ಗಿಡದ ಕೆಳಗೆ ಕುಳಿತು ಸಾಕು, ಪ್ರಾಣ ತೆಗೆದುಬಿಡು ಎಂದು ದೇವರನ್ನು ಬೇಡಿ ನಿದ್ದೆಹೋಗುತ್ತಾನೆ. ದೂತನು ಬಂದು ಗದರಿಸುವುದಿಲ್ಲ, ಬೋಧನೆ ಮಾಡುವುದಿಲ್ಲ. ಮುಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ ತಿನ್ನಿಸಿ ನೀರು ಕುಡಿಸುತ್ತಾನೆ. ಮತ್ತೆ ಮಲಗಲು ಬಿಟ್ಟು ಮತ್ತೊಮ್ಮೆ ಎಬ್ಬಿಸಿ ಉಣಿಸುತ್ತಾನೆ. ಅಲ್ಲಿಗೆ ಬಂದಾಗ ಹುಡುಗನ ದನಿ ನಿಂತಿತು. ಎರಡು ವಿಷಯಗಳಲ್ಲಿ ಫೇಲಾಗಿದ್ದ, ಮನೆಯಲ್ಲಿ ಹೇಳಿರಲಿಲ್ಲ, ಬೆಳಗಿನಿಂದ ಏನೂ ತಿಂದಿರಲಿಲ್ಲ. ಅಧ್ಯಯನ ಅಲ್ಲಿಗೇ ಮುಗಿಸಿ, ಕೆಳಗಿನ ಹೋಟೆಲಿನಲ್ಲಿ ಪರೋಟ ತರಿಸಿದೆ. ನನಗೂ ಹಸಿವಾಗಿತ್ತೆಂದು ತಿನ್ನುವಾಗಲೇ ತಿಳಿದದ್ದು.

ಅಂದಿನಿಂದ ಬುಧವಾರ ಬೆಳಗಿನ ಒಂದು ಗಂಟೆ ನನ್ನದು. ಪೆನ್ನಿಲ್ಲ, ಟಿಪ್ಪಣಿ ಪುಸ್ತಕವಿಲ್ಲ, ಯಾರಿಗೂ ಏನೂ ಸಿದ್ಧಪಡಿಸುವುದಿಲ್ಲ. ವರದಿಯಲ್ಲಿ ಸಂಖ್ಯೆ ಬರೆಯುವುದನ್ನು ಬಿಟ್ಟು ಪ್ರಾರ್ಥನೆಯ ವಿಷಯಗಳನ್ನು ಮಾತ್ರ ಬರೆಯುತ್ತೇನೆ. ಮೇಲಿನವರಿಗೆ ಹಿಡಿಸಿಲ್ಲ, ಇರಲಿ. ಸೇವೆಯಲ್ಲಿ ಹುರುಪು ಕಳೆದುಕೊಂಡವರಿಗೆ ಇನ್ನಷ್ಟು ಓಡು ಎಂದು ಹೇಳುವ ಶಿಬಿರಗಳು ನಮ್ಮಲ್ಲಿ ಬೇಕಾದಷ್ಟಿವೆ. ನೀನು ಉಂಡೆಯಾ, ಮಲಗಿದೆಯಾ ಎಂದು ಕೇಳುವವರು ಕಡಿಮೆ.

ಸಿದ್ದಾಪುರದ ಬಸ್ಸಿನಲ್ಲಿ ಅಮ್ಮತ್ತಿಯ ಕಡೆಯಿಂದ ಹೋಗುವಾಗ ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗ್ ನೆನಪಾಗುತ್ತಾರೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರತಂದವರು ಮುಂದಿನ ದಶಕದಲ್ಲಿ ಕೊಡಗಿಗೆ ಬಂದು ಇಲ್ಲಿ ಆನಂದಪುರವೆಂಬ ಕ್ರೈಸ್ತರ ಊರನ್ನು ಕಟ್ಟಿದರು. 1860ರಲ್ಲಿ ಹೆಂಡತಿಯ ಕಾಯಿಲೆಯಿಂದಾಗಿ ಜರ್ಮನಿಗೆ ಮರಳಿದವರು 1881ರಲ್ಲಿ ತೀರಿಕೊಳ್ಳುವವರೆಗೂ ಈ ಕಡೆ ಬರಲಾಗಲಿಲ್ಲ. ನೆಟ್ಟದ್ದನ್ನು ಬೇರೆಯವರ ಕೈಗೆ ಬಿಟ್ಟು ಇಪ್ಪತ್ತೊಂದು ವರ್ಷ! ನನ್ನ ಮಕ್ಕಳು ಮೂರು ವರ್ಷಕ್ಕೆ ಹೊರಟುಹೋಗುತ್ತಾರೆಂದು ನಾನು ಕೊರಗುತ್ತಿದ್ದೆ.

ಈ ವರ್ಷದ ಹೊಸ ತಂಡದಿಂದ ಇಬ್ಬರು ಬರುತ್ತಿದ್ದಾರೆ. ಒಬ್ಬಳು ನಾಪೋಕ್ಲು ಕಡೆಯವಳು, ಹಾಡುತ್ತಾಳೆ. ಇನ್ನೊಬ್ಬ ನಾಲ್ಕು ವಾರವಾದರೂ ಬಾಯಿ ಬಿಟ್ಟಿಲ್ಲ, ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂರುತ್ತಾನೆ. ಆ ಕುರ್ಚಿಯನ್ನು ಅಲ್ಲೇ ಬಿಟ್ಟಿದ್ದೇನೆ.