ಸ್ಪಷ್ಟನೆ: ತೇಗ ನೆಟ್ಟ ತಕ್ಷಣ ಸರ್ಕಾರದ ದುಡ್ಡು ಬರುವುದಿಲ್ಲ

‘ಎಕರೆಗೆ ಸಾವಿರ ತೇಗ ನೆಡಿ, ಪ್ರತಿ ಸಸಿಗೂ ಸರ್ಕಾರ 125 ರೂಪಾಯಿ ಕೊಡುತ್ತದೆ, ಹತ್ತೇ ವರ್ಷಕ್ಕೆ ಕೋಟಿ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

125 ರೂಪಾಯಿ ಕರ್ನಾಟಕದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯದು. ಆದರೆ ಅದು ಬದುಕುಳಿದ ಸಸಿಗೆ ಮಾತ್ರ, ಮೂರು ಕಂತಿನಲ್ಲಿ: ಮೊದಲ ವರ್ಷದ ಕೊನೆಗೆ 35, ಎರಡನೆಯದಕ್ಕೆ 40, ಮೂರನೆಯದಕ್ಕೆ 50. ಲೆಕ್ಕಕ್ಕೆ ಬರುವುದು ಹೆಕ್ಟೇರಿಗೆ ಗರಿಷ್ಠ 400 ಸಸಿ, ಅಂದರೆ ಎಕರೆಗೆ 160. ಒಂದೂ ಸಾಯದಿದ್ದರೂ ಎಕರೆಗೆ ಮೂರು ವರ್ಷದಲ್ಲಿ 20,000 ರೂಪಾಯಿ, ಅಷ್ಟೇ. ಸಾವಿರ ನೆಟ್ಟವರಿಗೂ ಅದೇ ಮಿತಿ. ನೀಲಗಿರಿಯಂಥ ಬೇಗ ಬೆಳೆಯುವ ಕೆಲವು ಜಾತಿಗಳಿಗೆ ಇದು ಅನ್ವಯಿಸುವುದಿಲ್ಲ. ನೋಂದಣಿ ವಲಯ ಅರಣ್ಯ ಕಚೇರಿಯಲ್ಲಿ. ಪಹಣಿ, ಬ್ಯಾಂಕ್ ಪಾಸ್‌ಬುಕ್ ಒಯ್ಯಿರಿ.

ಇನ್ನು ಕೋಟಿಯ ಮಾತು. ಎಕರೆಗೆ ಸಾವಿರ ಎಂದರೆ ಎರಡು ಮೀಟರ್ ಅಂತರ. ಐದನೇ ವರ್ಷದ ಸುಮಾರಿಗೆ ಕೆಲವು ಮರ ಕಡಿದು ಜಾಗ ಬಿಡದಿದ್ದರೆ ಎಲ್ಲವೂ ಬೆಳಕಿಗೆ ಪೈಪೋಟಿ ನಡೆಸಿ ಸಣಕಲಾಗುತ್ತವೆ. ಹತ್ತು ವರ್ಷದ ಎಳೆ ತೇಗದಲ್ಲಿ ಹೊರಗಿನ ಬಿಳಿ ಭಾಗವೇ ಹೆಚ್ಚು, ಚೇಗು (ಒಳಗಿನ ಗಟ್ಟಿ ತಿರುಳು) ಕಡಿಮೆ, ಬೆಲೆಯಿರುವುದು ಚೇಗಿಗೆ. ನೀರು ನಿಲ್ಲುವ ಜಮೀನಿನಲ್ಲಂತೂ ತೇಗ ಬೇಡವೇ ಬೇಡ.

ತೇಗ ನೆಟ್ಟರೆ ಊರಿಗೆ ಕಾಯಂ ಕೂಲಿ ಸಿಗುತ್ತದೆ ಎಂಬ ಮಾತೂ ಅರ್ಧಸತ್ಯ. ಗುಂಡಿ, ನಾಟಿ, ಕಳೆ ಕೆಲಸ ಹೆಚ್ಚಾಗಿ ಮೊದಲ ಮೂರು ವರ್ಷಕ್ಕೇ ಮುಗಿಯುತ್ತದೆ. ಆಮೇಲೆ ಮರ ಕಡಿಯುವ ಹೊತ್ತಿಗಷ್ಟೇ ಆಳು ಬೇಕು.